60 ಮೀಟರ್ ಬಾರ್ಜ್‌ನಲ್ಲಿ 25 ಟನ್ ಉಕ್ಕು ಉಳಿಸಿದ ಬಗೆ: ನನ್ನ ಅನುಭವ

ಡೆಕ್ ಕಾರ್ಗೋ ಬಾರ್ಜ್ (ಡೆಕ್ಕಿನ ಮೇಲೆ ಸರಕು ಹೊರುವ ಚಪ್ಪಟೆ ನೌಕೆ), ಉದ್ದ ಸುಮಾರು 60 ಮೀಟರ್. ಹಳೆಯ ಡ್ರಾಯಿಂಗ್ ಇಟ್ಟುಕೊಂಡು ಮಾಡಿದ ಕೈಲೆಕ್ಕದಲ್ಲಿ ಉಕ್ಕು 550 ಟನ್ನಿನ ಆಸುಪಾಸು ಬಂದಿತ್ತು. ಜೆನೆಟಿಕ್ ಅಲ್ಗಾರಿದಮ್ (ವಿನ್ಯಾಸಗಳನ್ನು ಪೀಳಿಗೆಯಿಂದ ಪೀಳಿಗೆಗೆ ಬೆರೆಸುತ್ತ ಒಳ್ಳೆಯದನ್ನು ಆರಿಸುವ ಪ್ರೋಗ್ರಾಂ) ಹಚ್ಚಿ ಇದನ್ನು ಇಳಿಸುತ್ತೇನೆ ಎಂದಾಗ ಯಾರ್ಡಿನವರು ನಂಬಲಿಲ್ಲ. "ಕಂಪ್ಯೂಟರ್ ಏನು ಬೇಕಾದರೂ ಹೇಳ್ತದೆ ಮಾರಾಯ್ರೆ, ಕಟ್ಟಬೇಕಾದವನು ವೆಲ್ಡರ್" ಎಂದರು ಫೋರ್‌ಮನ್.

ಮೊದಲು ತೂಕವೊಂದನ್ನೇ ಗುರಿಯಾಗಿಟ್ಟೆ. ಪ್ಲೇಟಿನ ದಪ್ಪ 7.3, 8.6 ಮಿಲಿಮೀಟರ್ ಎಂದೆಲ್ಲ ಬಂತು. ಮಾರುಕಟ್ಟೆಯಲ್ಲಿ ಸಿಗುವ 8, 10ಕ್ಕೆ ಏರಿಸಿದ ಕೂಡಲೇ ಉಳಿತಾಯದ ಬಹುಪಾಲು ಕರಗಿತು. ದಪ್ಪವನ್ನೂ ಬಲ್ಬ್ ಪ್ಲೇಟಿನ (ಒಂದು ಅಂಚು ದಪ್ಪಗಿರುವ ಉಕ್ಕಿನ ಪಟ್ಟಿ) ಸೈಜನ್ನೂ ಸ್ಟಾಕ್ ಪಟ್ಟಿಯಿಂದಲೇ ಆರಿಸುವಂತೆ ಮಾಡಿದ ಮೇಲೆ 40 ಟನ್ ಇಳಿಯಿತು. ಆದರೆ ಪ್ಲೇಟಿಗೆ ಬಲ ಕೊಡಲು ಉದ್ದಕ್ಕೆ ಬೆಸೆಯುವ ಪಟ್ಟಿಗಳ, ಅಂದರೆ ಲಾಂಗಿಟ್ಯೂಡಿನಲ್‌ಗಳ ಅಂತರ 450 ಮಿಲಿಮೀಟರಿಗೆ ಕುಗ್ಗಿತ್ತು. ಅಂತರ ಕುಗ್ಗಿದಷ್ಟೂ ಪ್ಲೇಟ್ ತೆಳುವಾಗುತ್ತದಲ್ಲ, ಪ್ರೋಗ್ರಾಂ ಅದೇ ದಾರಿ ಹಿಡಿದಿತ್ತು.

ಪೆಟ್ಟು ಬಿದ್ದದ್ದು ಇಲ್ಲೇ. 50 ಮೀಟರಿನ ಒಂದು ಲಾಂಗಿಟ್ಯೂಡಿನಲ್ ಹೆಚ್ಚಾದರೆ ಎರಡೂ ಬದಿ ಸೇರಿ 100 ಮೀಟರ್ ಫಿಲೆಟ್ (ಮೂಲೆ) ವೆಲ್ಡಿಂಗ್. 2 ಮೀಟರಿಗೊಂದು ವೆಬ್ ಫ್ರೇಮ್ (ಅಡ್ಡ ಚೌಕಟ್ಟು) ಹಿಡಿದರೆ ಅದು ತೂರಿಹೋಗಲು 25 ಕಡೆ ಸ್ಲಾಟ್ ಕತ್ತರಿಸಿ, ಸ್ಲಾಟ್ ಮುಚ್ಚುವ ಕಾಲರ್ ಪ್ಲೇಟ್ ಕೂರಿಸಬೇಕು, ಅದೂ ಬೆನ್ನು ಬಗ್ಗಿಸಿ ಕೈಯಲ್ಲೇ. ಉಕ್ಕಿನಲ್ಲಿ ಉಳಿದ ದುಡ್ಡೆಲ್ಲ ಕೂಲಿಗೆ ಹೋಗುತ್ತಿತ್ತು.

ಆಮೇಲೆ ಗುರಿ ಎರಡಾಯಿತು: ತೂಕ, ಕಟ್ಟುವ ಖರ್ಚು. ಉಕ್ಕಿಗೆ ಕಿಲೋ ಲೆಕ್ಕ, ವೆಲ್ಡಿಂಗಿಗೆ ಮೀಟರ್ ಲೆಕ್ಕ, ಕಾಲರ್‌ಗೆ ಬಿಡಿ ಲೆಕ್ಕ. ಈ ದರಗಳನ್ನು ಯಾವ ಪುಸ್ತಕದಿಂದಲೂ ತೆಗೆಯಲಿಲ್ಲ, ಕಂಟ್ರಾಕ್ಟರ್ ಬಿಲ್ಲುಗಳನ್ನೇ ಕೂತು ಓದಿದೆ. ಓಡಿಸಿದ್ದು ಕಾನ್ಪುರ ಐಐಟಿಯಲ್ಲಿ ಕಲ್ಯಾಣ್ಮಯ್ ದೇಬ್ ಮತ್ತು ಸಂಗಡಿಗರು ರೂಪಿಸಿ 2002ರಲ್ಲಿ ಪ್ರಕಟಿಸಿದ, ಹಲವು ಗುರಿಗಳನ್ನು ಒಟ್ಟಿಗೆ ತೂಗುವ ಜೆನೆಟಿಕ್ ಅಲ್ಗಾರಿದಮ್ ಎನ್‌ಎಸ್‌ಜಿಎ-2. ನೂರರ ಗುಂಪು, ಮುನ್ನೂರು ಪೀಳಿಗೆ, ಅಂದರೆ 30,000 ವಿನ್ಯಾಸ. ಒಂದೊಂದಕ್ಕೂ ನಾಲ್ಕು ನಿಮಿಷದ ಫೈನೈಟ್ ಎಲಿಮೆಂಟ್ ಲೆಕ್ಕ (ರಚನೆಯನ್ನು ಚಿಕ್ಕ ತುಂಡುಗಳಾಗಿ ಒಡೆದು ಒತ್ತಡ ಲೆಕ್ಕಹಾಕುವುದು), ಅಂದರೆ ಎಫ್‌ಇ ಮಾಡುತ್ತ ಕೂತರೆ ಎರಡೂವರೆ ತಿಂಗಳು ದಾಟುತ್ತದೆ. ಹಾಗಾಗಿ ಒಳಗಡೆ ಕ್ಲಾಸ್ (ಹಡಗಿನ ವಿನ್ಯಾಸಕ್ಕೆ ಒಪ್ಪಿಗೆ ಕೊಡುವ ಸಂಸ್ಥೆ) ನಿಯಮಗಳ ಸೂತ್ರ ಮತ್ತು ಬಕ್ಲಿಂಗ್ (ಒತ್ತಿದಾಗ ಪ್ಲೇಟ್ ಸೊಟ್ಟಗಾಗುವುದು) ಪರೀಕ್ಷೆ ಮಾತ್ರ. ಎಫ್‌ಇ ಕೊನೆಗೆ ಉಳಿದ ನಾಲ್ಕೈದಕ್ಕೆ. ನಿಯಮ ಮೀರಿದ ವಿನ್ಯಾಸಕ್ಕೆ ಹಾಕುವ ಪೆನಾಲ್ಟಿ ಎಷ್ಟು ಕಡಿದಾಗಿರಬೇಕು, ಮೊದಲ ಪೀಳಿಗೆಯಲ್ಲಿ ಏನು ಬಿತ್ತಬೇಕು ಎಂಬುದು ನಾನು ಕಷ್ಟಪಟ್ಟು ಕಂಡುಕೊಂಡದ್ದು, ಅದನ್ನು ಇಲ್ಲಿ ಬರೆಯುವುದಿಲ್ಲ.

ನಡುವೆ ಡೆಕ್ಕಿಗೆ ಎಎಚ್36 ಎಂಬ ಹೆಚ್ಚು ಬಲದ ಉಕ್ಕು ಹಾಕಿ ನೋಡಿದೆ. ಯೀಲ್ಡ್ (ಉಕ್ಕು ಶಾಶ್ವತವಾಗಿ ಬಾಗತೊಡಗುವ ಒತ್ತಡ) 235 ಮೆಗಾಪಾಸ್ಕಲ್‌ನಿಂದ 355ಕ್ಕೆ ಏರಿದರೂ, ಬಕ್ಲಿಂಗ್ ತಡೆಯುವ ಬಿಗಿತ ಕೊಡುವ ಸ್ಥಿತಿಸ್ಥಾಪಕತೆಯ ಅಂಕ ಬದಲಾಗುವುದಿಲ್ಲವಲ್ಲ. ತೆಳು ಪ್ಲೇಟ್ ಬಕ್ಲಿಂಗಿನಲ್ಲೇ ಸೋತಿತು. ಈ ಗಾತ್ರಕ್ಕೆ ಅದು ದಂಡ.

ಕೊನೆಗೆ ನಿಂತದ್ದು 600 ಮಿಲಿಮೀಟರಿನ ಹತ್ತಿರದ ಅಂತರ, 2.4 ಮೀಟರಿಗೊಂದು ವೆಬ್ ಫ್ರೇಮ್. ಇಳಿದದ್ದು ಸುಮಾರು 25 ಟನ್. ಕಿಲೋಗೆ 65 ರೂಪಾಯಿ ಹಿಡಿದರೂ 16 ಲಕ್ಷ, ಕೂಲಿಯಲ್ಲಿ ಉಳಿದದ್ದು ಬೇರೆ. ಕ್ಲಾಸಿನವರು ಕೇಳಿದ್ದು ಕೆಲವು ಬ್ರಾಕೆಟ್‌ಗಳ ಬದಲಾವಣೆ ಅಷ್ಟೇ. ಫೋರ್‌ಮನ್ ಈಗ ಮುಂದಿನ ಬಾರ್ಜಿನ ಫೈಲು ಯಾವಾಗ ಎಂದು ತಾವೇ ಕೇಳುತ್ತಾರೆ.

ಟಗ್ (ಹಡಗು ಎಳೆಯುವ ಸಣ್ಣ ನೌಕೆ) ಮೇಲೂ ಓಡಿಸಿದೆ, ಶೇಕಡಾ ಎರಡು ಇಳಿದರೆ ಹೆಚ್ಚು. ಅಲ್ಲಿ ಬಹುತೇಕ ಪ್ಲೇಟುಗಳನ್ನು ತೀರ್ಮಾನಿಸುವುದು ಕನಿಷ್ಠ ದಪ್ಪದ ನಿಯಮ. ಹುಡುಕಲು ಜಾಗವೇ ಇಲ್ಲ.