ಡೆರ್ ಯಾವಾಗ ಡೆನ್ ಆಗುತ್ತದೆ? ಜರ್ಮನಿಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಜರ್ಮನ್ ಕಲಿಕೆಯ ಮೊದಲ ಹಂತವಾದ ಎ1 ಕ್ಲಾಸಿನಲ್ಲಿ ಅಕ್ಕುಸಾಟೀಫ್, ಅಂದರೆ ಕರ್ಮಪದದ ವಿಭಕ್ತಿ, ಶುರುವಾದ ಕೂಡಲೇ ನಮ್ಮವರು ‘ಓ, ದ್ವಿತೀಯಾ ವಿಭಕ್ತಿ, ಅನ್ನು ಪ್ರತ್ಯಯ’ ಎಂದು ನಿರಾಳವಾಗುತ್ತಾರೆ. ಅದು ಅರ್ಧ ಮಾತ್ರ ಸರಿ.

ಮೊದಲು ಸುಲಭದ್ದು ಮುಗಿಸೋಣ. ಬದಲಾಗುವುದು ಪುಲ್ಲಿಂಗ ಏಕವಚನ ಮಾತ್ರ. ನಾಮಪದಕ್ಕಿಂತ ಮೊದಲು ಬರುವ ಡೆರ್ (ಇಂಗ್ಲಿಷಿನ ‘ದ’) ಹೋಗಿ ಡೆನ್, ಐನ್ (ಒಂದು) ಹೋಗಿ ಐನೆನ್, ಮೈನ್ (ನನ್ನ) ಹೋಗಿ ಮೈನೆನ್. ಸ್ತ್ರೀಲಿಂಗದ ಡೀ, ನಪುಂಸಕಲಿಂಗದ ಡಾಸ್ ಇದ್ದ ಹಾಗೇ ಇರುತ್ತವೆ. ಬೇಕರಿಯಲ್ಲಿ ‘ಇಶ್ ಹೆಟ್ಟೆ ಗೆರ್ನ್ ಐನೆನ್ ಕಾಫೆ, ಐನೆ ಬ್ರೆಟ್ಸೆಲ್ ಉಂಡ್ ಐನ್ ಬ್ರೋಟ್‌ಶೆನ್’ (ನನಗೆ ಒಂದು ಕಾಫಿ, ಒಂದು ಬ್ರೆಟ್ಸೆಲ್, ಒಂದು ಬನ್ ಬೇಕಿತ್ತು) ಎಂದು ಕೇಳಿ. ಮೂರು ಲಿಂಗವೂ ಬಂತು, ಬದಲಾಗಿದ್ದು ಕಾಫಿಯ ಐನ್ ಒಂದೇ.

ನಾವು ಎಡವುವುದು ಬೇರೆ ಕಡೆ. ‘ನನಗೆ ಅಪಾಯಿಂಟ್‌ಮೆಂಟ್ ಬೇಕು’, ‘ನನಗೆ ಒಬ್ಬ ಅಣ್ಣ ಇದ್ದಾನೆ’, ‘ಇಲ್ಲಿ ಎಟಿಎಂ ಇದೆಯಾ?’ ಅಂತೀವಿ, ಅಲ್ವಾ? ಎಲ್ಲೂ ‘ಅನ್ನು’ ಇಲ್ಲ. ಜರ್ಮನ್ನಿನಲ್ಲಿ ಮೂರಕ್ಕೂ ಅಕ್ಕುಸಾಟೀಫ್ ಬೇಕು: ಇಶ್ ಬ್ರೌಖೆ ಐನೆನ್ ಟೆರ್ಮೀನ್. ಇಶ್ ಹಾಬೆ ಐನೆನ್ ಬ್ರೂಡರ್. ಗಿಬ್ಟ್ ಎಸ್ ಹಿಯರ್ ಐನೆನ್ ಗೆಲ್ಡ್‌ಆಟೋಮಾಟೆನ್? ಹಾಗಾಗಿ ಕನ್ನಡ ವಾಕ್ಯದಲ್ಲಿ ‘ಅನ್ನು’ ಹುಡುಕಬೇಡಿ, ಜರ್ಮನ್ ಕ್ರಿಯಾಪದ ಯಾವುದು ನೋಡಿ. ಹಾಬೆನ್ (ನನ್ನ ಹತ್ತಿರ ಇದೆ ಎನ್ನಲು), ಬ್ರೌಖೆನ್ (ಬೇಕು), ಸೂಖೆನ್ (ಹುಡುಕು), ಎಸ್ ಗಿಬ್ಟ್ (ಇಲ್ಲಿ ಇದೆ ಎನ್ನಲು) ಇದ್ದರೆ ಅಕ್ಕುಸಾಟೀಫ್. ‘ಆಗಿರು’ ಎನ್ನುವ ಸೈನ್ (ಇಸ್ಟ್ ಅದರದೇ ರೂಪ) ಇದ್ದರೆ ಬೇಡ: ಡಾಸ್ ಇಸ್ಟ್ ಮೈನ್ ಬ್ರೂಡರ್ (ಇವನು ನನ್ನ ಅಣ್ಣ).

ಫೋನ್ ವಿಷಯ ಇನ್ನೂ ತಮಾಷೆ. ಓನರ್‌‘ಗೆ’ ಫೋನ್ ಮಾಡುವುದು ನಮ್ಮ ರೂಢಿ. ಆ ‘ಗೆ’ ನಂಬಿ ಡಾಟೀಫ್ (ನಮ್ಮ ‘ಗೆ’ ಪ್ರತ್ಯಯದ ಚತುರ್ಥಿ ವಿಭಕ್ತಿಯಂಥದ್ದು) ಹಾಕಿದರೆ ತಪ್ಪು, ಫೋನ್ ಮಾಡು ಎನ್ನುವ ಆನ್‌ರೂಫೆನ್‌ಗೆ ಅಕ್ಕುಸಾಟೀಫೇ ಆಗಬೇಕು: ಇಶ್ ರೂಫೆ ಡೆನ್ ಫೆರ್ಮೀಟರ್ ಆನ್. ಅದೇ ಹೆಲ್ಫೆನ್, ಅಂದರೆ ಸಹಾಯ ಮಾಡುವುದು, ನಮ್ಮ ‘ಗೆ’ ಜೊತೆ ಸರಿಯಾಗಿ ಹೊಂದುತ್ತದೆ.

ಮೊದಲ ತಿಂಗಳು ಓಡಾಡಿಸುವ ಪದಗಳಲ್ಲಿ ಎಷ್ಟೊಂದು ಪುಲ್ಲಿಂಗವೇ, ನಮ್ಮ ಹಣೆಬರಹ: ಟೆರ್ಮೀನ್, ಪಾಸ್‌ಪೋರ್ಟ್ ಅಂದರೆ ಪಾಸ್, ಬಾಡಿಗೆ ಕರಾರಿನ ಮೀಟ್‌ಫೆರ್ಟ್ರಾಗ್, ಮನೆ ಕೀ ಅಂದರೆ ಶ್ಲ್ಯುಸೆಲ್. ಇವನ್ನು ಒಂಟಿಯಾಗಿ ಕಲಿಯಬೇಡಿ. ‘ಇಶ್ ಹಾಬೆ ಕೈನೆನ್ ಶ್ಲ್ಯುಸೆಲ್’ (ನನ್ನ ಹತ್ತಿರ ಕೀ ಇಲ್ಲ) ಎಂದು ಪೂರ್ತಿ ವಾಕ್ಯವನ್ನೇ ಬಾಯಿಪಾಠ ಮಾಡಿ.

ಫ್ಯೂರ್ (ಓಸ್ಕರ), ಓನೆ (ಇಲ್ಲದೆ), ಡುರ್ಶ್ (ಮೂಲಕ), ಗೇಗೆನ್ (ವಿರುದ್ಧ), ಉಮ್ (ಸುತ್ತ) ಆದಮೇಲೆ ಕಣ್ಣು ಮುಚ್ಚಿಕೊಂಡು ಅಕ್ಕುಸಾಟೀಫ್ ಹಾಕಿ. ‘ಮಗನಿಗೋಸ್ಕರ’ ಎನ್ನಲು ಫ್ಯೂರ್ ಮೈನೆನ್ ಸೋನ್. ಇನ್ (ಒಳಗೆ), ಔಫ್ (ಮೇಲೆ) ತರಹದವು ಒಮ್ಮೆ ಹೀಗೆ, ಒಮ್ಮೆ ಹಾಗೆ. ಅವನ್ನು ಡಾಟೀಫ್ ಕಲಿಯುವವರೆಗೆ ಮುಟ್ಟಬೇಡಿ, ಸುಮ್ನೆ ತಲೆ ಕೆಡುತ್ತದೆ.

ಇನ್ನೊಂದು ವಿಷಯ. ರಸ್ತೆಯಲ್ಲಿ ಐನೆನ್ ಪೂರ್ತಿ ಕೇಳಿಸುವುದು ಕಡಿಮೆ. ಅವಸರದ ಮಾತಿನಲ್ಲಿ ಅದು ಬರೀ ‘ನೆನ್’. ಪಕ್ಕದಲ್ಲಿ ಕೂತವರು ‘ಹಸ್ಟ್ ಡು ನೆನ್ ಶ್ಟಿಫ್ಟ್?’ ಅಂದರೆ ಪೆನ್ ಕೊಡಿ.