401ಕೆಗೆ ಎಷ್ಟು, ಬ್ರೋಕರೇಜ್ ಖಾತೆಗೆ ಎಷ್ಟು? ಹೊಸದಾಗಿ ಬಂದ ಕುಟುಂಬಗಳಿಗೆ

ಬಾಡಿಗೆ ಮನೆ, ಮಕ್ಕಳ ಶಾಲೆ, ಡ್ರೈವಿಂಗ್ ಲೈಸೆನ್ಸ್ ಬಗ್ಗೆ ಈ ಮಾರ್ಗದರ್ಶಿಯ ಬೇರೆ ಭಾಗಗಳಲ್ಲಿದೆ. ಇದು ಎಚ್-1ಬಿ, ಎಲ್-1 ವೀಸಾ ಮೇಲೆ ಕ್ಯಾಲಿಫೋರ್ನಿಯಾಗೆ ಬಂದವರ ಉಳಿತಾಯದ ವಿಷಯ. 401ಕೆ ಅಂದರೆ ಕಂಪನಿ ಮೂಲಕ ಸಂಬಳದಿಂದ ಹಾಕುವ ನಿವೃತ್ತಿ ಖಾತೆ, ಬ್ರೋಕರೇಜ್ ಅಂದರೆ ಷೇರು, ಫಂಡ್ ಕೊಳ್ಳಲು ನೀವೇ ತೆರೆಯುವ ಖಾತೆ. ಊರಲ್ಲಿ ಪಿಎಫ್ ತಾನಾಗಿ ಕಟ್ ಆಗುತ್ತಿತ್ತು. ಮೂಲ ವೇತನದ ಶೇ 12 ನಮ್ಮದು, ಅಷ್ಟೇ ಕಂಪನಿಯದು, ಯಾರೂ ನಮ್ಮನ್ನು ಕೇಳುತ್ತಿರಲಿಲ್ಲ. ಇಲ್ಲಿ ಎಷ್ಟು ಹಾಕಬೇಕು, ಯಾವ ಫಂಡಿಗೆ ಹಾಕಬೇಕು ಎನ್ನುವುದು ನಿಮ್ಮ ತೀರ್ಮಾನ. ಸೇರಿದ ಮೊದಲ ವಾರದ ಗಡಿಬಿಡಿಯಲ್ಲಿ "ಆಮೇಲೆ ನೋಡೋಣ" ಅಂತ 401ಕೆ ಪುಟ ಮುಚ್ಚಿದವರು ನಮ್ಮ ಸಂಘದಲ್ಲೇ ಬಹಳ ಮಂದಿ. ನೀವು ಮುಚ್ಚಬೇಡಿ.

ಮೊದಲು ಮ್ಯಾಚ್

ಎಚ್‌ಆರ್ ಪೋರ್ಟಲ್‌ನಲ್ಲಿ 401ಕೆ ಪುಟ ತೆರೆದರೆ ಸಾಮಾನ್ಯವಾಗಿ ಪ್ರಿ-ಟ್ಯಾಕ್ಸ್ (ಈಗ ತೆರಿಗೆಯಿಲ್ಲ, ತೆಗೆದಾಗ ಕಟ್ಟುವುದು), ರೋತ್ (ಈಗ ತೆರಿಗೆ ಕಟ್ಟಿ, ನಿವೃತ್ತಿಯಲ್ಲಿ ತೆರಿಗೆಯಿಲ್ಲದೆ ತೆಗೆಯುವುದು) ಎಂದು ಎರಡು ಖಾನೆ ಕಾಣುತ್ತವೆ. ಕೆಲವು ಕಂಪನಿಗಳಲ್ಲಿ ಆಫ್ಟರ್-ಟ್ಯಾಕ್ಸ್ ಎಂಬ ಮೂರನೆಯದೂ ಇರುತ್ತದೆ. ಖಾನೆಗಳಲ್ಲಿ ಸಂಬಳದ ಶೇಕಡಾ ಎಷ್ಟು ಅಂತ ತುಂಬಬೇಕು. ಎಷ್ಟೋ ಕಡೆ ಮೊದಲೇ 3 ಅಂತ ಇರುತ್ತದೆ. ಕಂಪನಿಯೇ ಹಾಕಿದೆ, ಸರಿಯಾಗೇ ಇರಬೇಕು ಅಂತ ನಮ್ಮವರು ಹಾಗೇ ಬಿಡುತ್ತಾರೆ.

ನೀವು ಹಾಕಿದ್ದಕ್ಕೆ ಕಂಪನಿ ಸೇರಿಸುವ ಹಣವೇ ಮ್ಯಾಚ್. ನಿಮ್ಮ ಸಂಬಳ ವರ್ಷಕ್ಕೆ 1,00,000 ಡಾಲರ್ ಇದ್ದು, ಮೊದಲ ಶೇ 6ರವರೆಗೆ ನೀವು ಹಾಕಿದ್ದರ ಅರ್ಧವನ್ನು ಕಂಪನಿ ಸೇರಿಸುತ್ತದೆ ಎಂದುಕೊಳ್ಳಿ. 3ಕ್ಕೆ ಬಿಟ್ಟರೆ ಕಂಪನಿಯಿಂದ ಸಿಗುವುದು 1,500 ಡಾಲರ್, 6 ಮಾಡಿದರೆ 3,000. "ಎರಡು ವರ್ಷದಲ್ಲಿ ವಾಪಸ್ ಹೋಗ್ತೀವಿ, ನಮಗ್ಯಾಕೆ ರಿಟೈರ್ಮೆಂಟ್ ಖಾತೆ" ಎನ್ನುವ ಮಾತನ್ನು ದಯವಿಟ್ಟು ಬಿಡಿ. ಐವತ್ತೊಂಬತ್ತೂವರೆ ವಯಸ್ಸಿಗೆ ಮುಂಚೆ ತೆಗೆದರೆ ತೆರಿಗೆಯ ಜೊತೆಗೆ ತೆಗೆದ ಹಣದ ಶೇ 10 ದಂಡ ಇದೆ, ನಿಜ. ಆದರೆ 6,000 ಹಾಕಿ 9,000 ಆದ ಹಣಕ್ಕೆ ದಂಡ 900. ಕಂಪನಿ ಕೊಟ್ಟದ್ದು ಅದಕ್ಕಿಂತ ಎಷ್ಟೋ ಹೆಚ್ಚು.

ಒಂದು ಎಚ್ಚರಿಕೆ: ನೀವು ಹಾಕಿದ್ದು ಪೂರ್ತಿ ನಿಮ್ಮದೇ, ಕಂಪನಿ ಹಾಕಿದ್ದು ತಕ್ಷಣ ನಿಮ್ಮದಾಗದೆ ಇರಬಹುದು. ಅದಕ್ಕೆ ವೆಸ್ಟಿಂಗ್ ಎನ್ನುತ್ತಾರೆ. ಕೆಲವು ಕಡೆ ಮೂರು ವರ್ಷಕ್ಕೆ ಒಟ್ಟಿಗೆ, ಕೆಲವು ಕಡೆ ಆರು ವರ್ಷದವರೆಗೆ ಕಂತುಕಂತಾಗಿ ಕೈಸೇರುತ್ತದೆ. ಕೆಲಸ ಬದಲಿಸುವ ಮುನ್ನ ಆ ತಾರೀಖು ನೋಡಿ.

ಅರವತ್ತು ದಿನದ ಹಣ

ಮ್ಯಾಚ್ ಪೂರ್ತಿ ಆದಮೇಲೆ ಮುಂದಿನ ಡಾಲರ್ ಎಲ್ಲಿಗೆ? ತೆರಿಗೆಯೊಂದನ್ನೇ ನೋಡಿದರೆ ಮತ್ತೆ 401ಕೆಗೇ. ಫೆಡರಲ್ ಶೇ 22, ರಾಜ್ಯದ ಶೇ 9.3 ಸ್ಲ್ಯಾಬಿನಲ್ಲಿರುವ ಕುಟುಂಬಕ್ಕೆ ಪ್ರಿ-ಟ್ಯಾಕ್ಸ್‌ನಲ್ಲಿ ಹಾಕಿದ ಪ್ರತಿ 100 ಡಾಲರಿಗೆ ಸುಮಾರು 31 ಡಾಲರ್ ತೆರಿಗೆ ಈ ವರ್ಷಕ್ಕೆ ಉಳಿಯುತ್ತದೆ. 2025ರಲ್ಲಿ ನೌಕರರ ಮಿತಿ 23,500 ಡಾಲರ್ ಇತ್ತು, 2026ಕ್ಕೆ 24,500.

ಆದರೆ ನಮ್ಮ ವೀಸಾದ ಕಥೆ ಬೇರೆ. ಎಚ್-1ಬಿಯಲ್ಲಿ ಕೆಲಸ ಹೋದರೆ ಹೊಸ ಕಂಪನಿ ಹುಡುಕಲು ಇರುವುದು ಹೆಚ್ಚೆಂದರೆ 60 ದಿನ. ಆಗ ಬಾಡಿಗೆ, ಕಾರಿನ ಕಂತು, ವಕೀಲರ ಫೀಸು, ಟಿಕೆಟ್ಟು ಎಲ್ಲ ಒಟ್ಟಿಗೆ ಬರುತ್ತವೆ. ಹಾಗಾಗಿ ಸಂಘದ ಸಲಹೆ ಇದು: ಮ್ಯಾಚ್ ಪೂರ್ತಿ ತೆಗೆದುಕೊಳ್ಳಿ, ಆಮೇಲೆ ಆರು ತಿಂಗಳ ಖರ್ಚನ್ನು ಉಳಿತಾಯ ಖಾತೆಯಲ್ಲಿ ಕೈಗೆಟುಕುವಂತೆ ಇಡಿ. ಅದಾದ ಮೇಲಷ್ಟೇ 401ಕೆಯ ಮಿತಿ ತುಂಬಿಸಿ. ಇನ್ನೂ ಉಳಿದರೆ, ಅಥವಾ ಐದಾರು ವರ್ಷದಲ್ಲಿ ಮನೆ ಕೊಳ್ಳುವುದಿದ್ದರೆ, ಬ್ರೋಕರೇಜ್ ಖಾತೆಯಲ್ಲಿ ಇಂಡೆಕ್ಸ್ ಫಂಡ್ (ಷೇರು ಸೂಚ್ಯಂಕವನ್ನೇ ಅನುಸರಿಸುವ ಫಂಡ್). ಅದರಲ್ಲಿ ವರ್ಷಕ್ಕಿಂತ ಹೆಚ್ಚು ಇಟ್ಟು ಮಾರಿದ ಲಾಭಕ್ಕೆ ಬಹುಪಾಲು ಜನರಿಗೆ ಫೆಡರಲ್ ತೆರಿಗೆ ಶೇ 15. ಕ್ಯಾಲಿಫೋರ್ನಿಯಾ ಮಾತ್ರ ಅದನ್ನು ಸಂಬಳದಂತೆಯೇ ಲೆಕ್ಕ ಹಾಕುತ್ತದೆ.

ಊರಿನ ಮ್ಯೂಚುವಲ್ ಫಂಡ್: ದಯವಿಟ್ಟು ಪೂರ್ತಿ ಓದಿ

ನಮ್ಮವರಿಗೆ ಅತಿ ಹೆಚ್ಚು ನೋವು ಕೊಟ್ಟದ್ದು ಇದು. ಬೆಂಗಳೂರಿನಲ್ಲಿದ್ದಾಗ 80ಸಿಗೆಂದು ಶುರು ಮಾಡಿದ ಇಎಲ್‌ಎಸ್‌ಎಸ್, ತಿಂಗಳ ಐದನೇ ತಾರೀಖು ಕಟ್ ಆಗುವ ಎಸ್‌ಐಪಿ, ಅಮ್ಮನ ಜೊತೆ ಜಂಟಿಯಾಗಿರುವ ಫಂಡ್ ಇವೆಲ್ಲ ಇಲ್ಲಿಗೆ ಬಂದಮೇಲೂ ನಡೆಯುತ್ತಲೇ ಇರುತ್ತವೆ. ನೀವು ಅಮೆರಿಕದ ತೆರಿಗೆ ನಿವಾಸಿಯಾದ ದಿನದಿಂದ ಅವು ಇಲ್ಲಿನ ಕಾನೂನಿಗೆ ಪಿಎಫ್‌ಐಸಿ, ಅಂದರೆ ವಿದೇಶಿ ನಿಷ್ಕ್ರಿಯ ಹೂಡಿಕೆ ಕಂಪನಿಗಳು. ಮಾರಿದಾಗ ಬಂದ ಲಾಭವನ್ನು ಇಟ್ಟುಕೊಂಡಿದ್ದ ಎಲ್ಲ ವರ್ಷಗಳಿಗೆ ಹಂಚಿ, ಹಿಂದಿನ ವರ್ಷಗಳ ಪಾಲಿಗೆ ಆಯಾ ವರ್ಷದ ಅತಿ ಹೆಚ್ಚಿನ ದರದಲ್ಲಿ ತೆರಿಗೆ ಹಾಕಿ, ಮೇಲೆ ಬಡ್ಡಿಯನ್ನೂ ಸೇರಿಸುತ್ತಾರೆ. ಶೇ 15ರ ರಿಯಾಯಿತಿ ದರ ಇದಕ್ಕಿಲ್ಲ. ಒಂದೊಂದು ಫಂಡಿಗೂ ಬೇರೆ ಬೇರೆ 8621 ಫಾರಂ. ವರ್ಷದ ಕೊನೆಗೆ ಒಟ್ಟು ಮೌಲ್ಯ 25,000 ಡಾಲರ್, ಜಂಟಿ ರಿಟರ್ನ್‌ಗೆ 50,000, ದಾಟದೆ, ಏನನ್ನೂ ಮಾರದೆ ಇದ್ದರೆ ಸಾಮಾನ್ಯವಾಗಿ ಆ ವರ್ಷಕ್ಕೆ ಫಾರಂ ಬೇಡ. ಎಂಟು ಫಂಡ್ ಇಟ್ಟುಕೊಂಡವರಿಗೆ ಫಾರಂ ತುಂಬಿಸುವ ಫೀಸೇ ಲಾಭವನ್ನು ನುಂಗುತ್ತದೆ.

ಇನ್ನೂ ವಿಮಾನ ಹತ್ತದ ಬಂಧುಗಳಿಗೆ ಇದನ್ನು ಇವತ್ತೇ ಕಳಿಸಿ. ತೆರಿಗೆ ನಿವಾಸಿಯಾಗುವ ಮುನ್ನವೇ ಮಾರಿಬಿಡುವುದು ಎಲ್ಲಕ್ಕಿಂತ ಸುಲಭದ ದಾರಿ. ಬಂದಾಗಿದ್ದರೆ ಎಸ್‌ಐಪಿ ಈಗಲೇ ನಿಲ್ಲಿಸಿ, ಪಿಎಫ್‌ಐಸಿ ಗೊತ್ತಿರುವ ಸಿಪಿಎ (ಇಲ್ಲಿನ ಪರವಾನಗಿ ಪಡೆದ ಲೆಕ್ಕಿಗರು) ಹತ್ತಿರ ಹೋಗಿ. ಊರಿನ ಆಡಿಟರ್ ಎಷ್ಟೇ ಒಳ್ಳೆಯವರಾದರೂ ಇದು ಅವರ ವಿಷಯವಲ್ಲ. ಇನ್ಫೋಸಿಸ್ ಷೇರಿನಂತೆ ನೇರವಾಗಿ ಕೊಂಡ ಷೇರುಗಳಿಗೆ ಈ ಕಾಟವಿಲ್ಲ. ಊರಿನ ಎಲ್ಲ ಖಾತೆಗಳೂ ಸೇರಿ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಎಫ್‌ಬಿಎಆರ್ ಎಂಬ ವಿದೇಶಿ ಖಾತೆಗಳ ವರದಿ ಸಲ್ಲಿಸಲೇಬೇಕು. ಎಫ್‌ಡಿ ಕೂಡ ಅದರಲ್ಲಿ ಸೇರಿತು.

ವಾಪಸ್ ಹೋಗುವವರಿಗೆ

ಹೊರಡುವ ಮುನ್ನ 401ಕೆ ಒಡೆಯಲೇಬೇಕು ಎಂಬ ನಂಬಿಕೆ ತಪ್ಪು. ಅಲ್ಲೇ ಬಿಡಬಹುದು, ಐಆರ್‌ಎ ಎಂಬ ವೈಯಕ್ತಿಕ ನಿವೃತ್ತಿ ಖಾತೆಗೆ ನೇರವಾಗಿ ವರ್ಗಾಯಿಸಬಹುದು. ಊರಿಗೆ ಹೋದಮೇಲೆ ತೆಗೆದ ಹಣಕ್ಕೆ ಕ್ಯಾಲಿಫೋರ್ನಿಯಾ ತೆರಿಗೆ ಹಾಕುವಂತಿಲ್ಲ. 1996ರ ಫೆಡರಲ್ ಕಾನೂನು ಅದನ್ನು ತಡೆದಿದೆ. ಭಾರತದ ಆದಾಯ ತೆರಿಗೆ ಕಾನೂನಿಗೆ 2021ರಲ್ಲಿ ಸೇರಿದ 89ಎ ಕಲಮಿನಿಂದ, ಖಾತೆಯಲ್ಲಿ ಬೆಳೆಯುವ ಹಣಕ್ಕೆ ಅಲ್ಲಿ ವರ್ಷವರ್ಷ ತೆರಿಗೆ ಕಟ್ಟದೆ ತೆಗೆದಾಗ ಕಟ್ಟುವ ಅವಕಾಶ ಬಂತು. ಅದಕ್ಕೆ ನಿಗದಿತ ಫಾರಂ ಸಲ್ಲಿಸಬೇಕು.

ಬ್ರೋಕರೇಜ್ ಖಾತೆಯ ವಿಷಯದಲ್ಲಿ ಹೆಚ್ಚು ಹುಷಾರಾಗಿರಿ. ಭಾರತದಲ್ಲಿ ನೆಲೆಸಿದ ಮೇಲೆ ಅಮೆರಿಕದ ಷೇರು, ಫಂಡ್ ಇಟ್ಟುಕೊಂಡು ಯಾರಾದರೂ ತೀರಿಹೋದರೆ, ಪೌರರಲ್ಲದವರಿಗೆ 60,000 ಡಾಲರ್ ಮೀರಿದ ಆಸ್ತಿಗೆ ಇಲ್ಲಿ ಎಸ್ಟೇಟ್ ತೆರಿಗೆ ಬೀಳಬಹುದು, ಅದು ಶೇ 40ರವರೆಗೂ ಏರುತ್ತದೆ. ವಾಪಸಾದ ಮೊದಲ ಒಂದೆರಡು ವರ್ಷ ಭಾರತದಲ್ಲಿ ಆರ್‌ಎನ್‌ಒಆರ್ (ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ) ಸ್ಥಿತಿ ಸಿಕ್ಕವರಿಗೆ ಹೊರದೇಶದ ಲಾಭಕ್ಕೆ ಸಾಮಾನ್ಯವಾಗಿ ಅಲ್ಲಿ ತೆರಿಗೆಯಿಲ್ಲ, ಅಮೆರಿಕದ ಲೆಕ್ಕದಲ್ಲಿ ಅನಿವಾಸಿಯಾದವರ ಷೇರು ಲಾಭಕ್ಕೆ ಇಲ್ಲೂ ಇಲ್ಲ. ಎರಡೂ ಕಡೆಯ ಲೆಕ್ಕಿಗರನ್ನು ಕೇಳಿ, ಆ ಅವಧಿಯೊಳಗೆ ಮಾರುವ ಯೋಚನೆ ಮಾಡಿ.

ಉಳಿದದ್ದು, ಚುಟುಕಾಗಿ

- ಫಂಡಿನ ವಾರ್ಷಿಕ ಶುಲ್ಕ ನೋಡಿ. 1,00,000 ಡಾಲರಿಗೆ ಶೇ 0.05 ಅಂದರೆ ವರ್ಷಕ್ಕೆ 50, ಶೇ 1 ಅಂದರೆ 1,000.
- ಯಾವ ಫಂಡ್ ಎಂದು ಗೊತ್ತಾಗದಿದ್ದರೆ ಟಾರ್ಗೆಟ್ ಡೇಟ್ ಫಂಡ್ (ನಿವೃತ್ತಿಯ ವರ್ಷ ಹತ್ತಿರವಾದಂತೆ ತಾನೇ ಹೂಡಿಕೆ ಬದಲಿಸಿಕೊಳ್ಳುವ ಫಂಡ್).
- ಕೆಲಸ ಬದಲಿಸಿದಾಗ 401ಕೆ ಚೆಕ್ ನಿಮ್ಮ ಹೆಸರಿಗೆ ಬೇಡ, ಹೊಸ ಖಾತೆಗೆ ನೇರ ವರ್ಗಾವಣೆ.
- ಸೋಷಿಯಲ್ ಸೆಕ್ಯುರಿಟಿ ಪಿಂಚಣಿಗೆ 40 ಕ್ರೆಡಿಟ್, ಅಂದರೆ ಸುಮಾರು ಹತ್ತು ವರ್ಷದ ದುಡಿಮೆ ಬೇಕು. ಊರಲ್ಲಿ ದುಡಿದ ವರ್ಷಗಳನ್ನು ಇದಕ್ಕೆ ಸೇರಿಸಲು ಭಾರತದ ಜೊತೆ ಒಪ್ಪಂದವಿಲ್ಲ.
- ದೀಪಾವಳಿ ಪಾರ್ಟಿಯಲ್ಲಿ ಕೇಳಿದ ಷೇರು, ಪರಿಚಯದವರು ಮಾರುವ ವಿಮೆ: ಬೇಡ.

ಕೊನೆಗೆ ನಾಮಿನಿ. 401ಕೆಯಲ್ಲಿ ಮದುವೆಯಾದವರಿಗೆ ಸಾಮಾನ್ಯವಾಗಿ ಸಂಗಾತಿಯೇ ಹಕ್ಕುದಾರರು. ಬ್ರೋಕರೇಜ್ ಖಾತೆಯಲ್ಲಿ ಹಾಗಲ್ಲ, ಹೆಸರನ್ನು ನೀವೇ ನಮೂದಿಸಬೇಕು. ಎಚ್-4ನಲ್ಲಿರುವ (ಎಚ್-1ಬಿಯವರ ಸಂಗಾತಿಯ ವೀಸಾ) ಎಷ್ಟೋ ಹೆಣ್ಣುಮಕ್ಕಳಿಗೆ ಯಜಮಾನರ ಹಣ ಯಾವ ಕಂಪನಿಯಲ್ಲಿದೆ ಎಂಬುದೇ ಗೊತ್ತಿರುವುದಿಲ್ಲ. ಮಕ್ಕಳಿಗೆ ಕನ್ನಡ ಕಲಿಸಲು ಪ್ರತಿ ಭಾನುವಾರ ತರಗತಿ ನಡೆಸುವ ಸಮುದಾಯ ನಮ್ಮದು, ಇಷ್ಟು ಮಾಡಲಾರೆವೇ? ಖಾತೆಗಳ ಪಟ್ಟಿ ಬರೆದು ಇಬ್ಬರಿಗೂ ತಿಳಿದಿರುವ ಜಾಗದಲ್ಲಿಡಿ. ಸಂಘದ ಹಣಕಾಸು ಗೋಷ್ಠಿಗೆ ಬರುವಾಗ ಪೇ ಸ್ಲಿಪ್ ತನ್ನಿ, ಇಬ್ಬರೂ ಬನ್ನಿ.