ಸಿಂಗಪುರದಲ್ಲಿ ಕಾರು ಕೊಳ್ಳುವವರಿಗೆ: ಸಿಒಇ ಬಿಡ್ ಹಾಕುವುದು ಹೇಗೆ?

ಸಿಂಗಪುರದಲ್ಲಿ ಕಾರಿಗೂ ಮೊದಲು ಕೊಳ್ಳಬೇಕಾದದ್ದು ಅದನ್ನು ಹತ್ತು ವರ್ಷ ಇಟ್ಟುಕೊಳ್ಳುವ ಹಕ್ಕನ್ನು. ಅದರ ಹೆಸರು ಸಿಒಇ (ಸರ್ಟಿಫಿಕೇಟ್ ಆಫ್ ಎಂಟೈಟಲ್‌ಮೆಂಟ್). ರಸ್ತೆ ಅಗಲಿಸುತ್ತಲೇ ಹೋಗಲು ಜಾಗವಿಲ್ಲದ ದ್ವೀಪದಲ್ಲಿ ವಾಹನಗಳ ಸಂಖ್ಯೆಗೇ ಕಡಿವಾಣ ಹಾಕಲು 1990ರ ಮೇ ತಿಂಗಳಲ್ಲಿ ಈ ಪದ್ಧತಿ ಬಂತು. 2018ರ ಫೆಬ್ರವರಿಯಿಂದ ಕಾರುಗಳ ಬೆಳವಣಿಗೆ ದರ ಸೊನ್ನೆ. ಹಾಗಾಗಿ ಹಳೆಯ ಕಾರುಗಳು ರಸ್ತೆ ಬಿಟ್ಟಷ್ಟೇ ಹೊಸಬರಿಗೆ ಜಾಗ ಸಿಗುತ್ತದೆ. 2025ರಿಂದ ಕೆಲವು ವರ್ಷಗಳಲ್ಲಿ ಹಂತಹಂತವಾಗಿ ಬಿಡುತ್ತಿರುವ ಸುಮಾರು 20,000 ಹೆಚ್ಚುವರಿ ಸಿಒಇಗಳು ಇದಕ್ಕೆ ಹೊರತು. ಬೆಲೆ ಯಾವ ಪರಿ ಏರಿಳಿಯುತ್ತದೆ ನೋಡಿ: 2008ರ ನವೆಂಬರ್‌ನಲ್ಲಿ ಎ ವರ್ಗದ, ಅಂದರೆ ಚಿಕ್ಕ ಕಾರುಗಳ ಸಿಒಇ 2 ಡಾಲರಿಗೆ ಬಿದ್ದಿತ್ತು, 2023ರ ಅಕ್ಟೋಬರ್‌ನಲ್ಲಿ 1,06,000 ಡಾಲರಿಗೆ ಏರಿತು. (ಇಲ್ಲಿರುವುದೆಲ್ಲ ಸಿಂಗಪುರ ಡಾಲರ್ ಲೆಕ್ಕ.)

ನಿಮ್ಮ ಕಾರು ಯಾವ ವರ್ಗಕ್ಕೆ ಸೇರುತ್ತದೆ ಎಂದು ಮೊದಲು ನೋಡಿಕೊಳ್ಳಿ. ಎಂಜಿನ್ 1,600 ಸಿಸಿ ಮೀರದೆ, ಶಕ್ತಿ 97 ಕಿಲೋವ್ಯಾಟ್ ಮೀರದಿದ್ದರೆ ಎ. ವಿದ್ಯುತ್ ಕಾರಿಗೆ ಮಿತಿ 110 ಕಿಲೋವ್ಯಾಟ್. ಅದಕ್ಕಿಂತ ದೊಡ್ಡದು ಬಿ. ಇ ವರ್ಗ ಬೈಕ್ ಬಿಟ್ಟು ಯಾವ ವಾಹನಕ್ಕೂ ಆಗುತ್ತದೆ, ಆದರೆ ಸಾಮಾನ್ಯವಾಗಿ ದುಬಾರಿ.

ಆಮೇಲೆ ಒಟ್ಟು ಖರ್ಚನ್ನು ಲೆಕ್ಕ ಹಾಕಿ. ಕಾರಿನ ಮೂಲ ಮಾರುಕಟ್ಟೆ ಮೌಲ್ಯ, ಅಂದರೆ ಒಎಂವಿ, 30,000 ಇದೆ ಎಂದುಕೊಳ್ಳಿ. ಶೇ 20ರ ಅಬಕಾರಿ ಸುಂಕ 6,000. ಇವೆರಡರ ಮೇಲೆ ಶೇ 9 ಜಿಎಸ್‌ಟಿ 3,240. ನಂತರ ಎಆರ್‌ಎಫ್ ಎಂಬ ಹೆಚ್ಚುವರಿ ನೋಂದಣಿ ಶುಲ್ಕ: ಮೊದಲ 20,000ಕ್ಕೆ ಶೇ 100, ಮುಂದಿನ 20,000ಕ್ಕೆ ಶೇ 140. ಹಾಗಾಗಿ ಇಲ್ಲಿ 34,000. ನೋಂದಣಿಗೆ 350. ಇಷ್ಟಕ್ಕೇ 73,590 ಆಯಿತು. ಸಿಒಇ ಒಂದು ಲಕ್ಷವಾದರೆ 1,73,590. ಡೀಲರನ ಲಾಭ, ಹೊಗೆ ಮಾಲಿನ್ಯದ ಲೆಕ್ಕದ ದಂಡ ಅಥವಾ ರಿಯಾಯಿತಿ ಇನ್ನೂ ಸೇರಿಲ್ಲ. ಒಎಂವಿ 20,000 ದಾಟಿದರೆ ಸಾಲ ಬೆಲೆಯ ಶೇ 60ಕ್ಕಿಂತ ಹೆಚ್ಚು ಸಿಗದು, ಅವಧಿಯೂ ಏಳು ವರ್ಷವೇ. 1,90,000ದ ಕಾರಿಗೆ ಕೈಯಿಂದ 76,000 ಹೊಂದಿಸಬೇಕು. ಊರಲ್ಲಿ ಮನೆಯೇ ಕಟ್ಟಬಹುದಿತ್ತು ಎಂಬ ಲೆಕ್ಕ ಇಲ್ಲಿ ಯಾರನ್ನೂ ಬಿಟ್ಟಿಲ್ಲ.

ಹರಾಜು ತಿಂಗಳಿಗೆ ಎರಡು ಸಲ. ಸಾಮಾನ್ಯವಾಗಿ ಮೊದಲ ಮತ್ತು ಮೂರನೇ ಸೋಮವಾರ ಮಧ್ಯಾಹ್ನ 12ಕ್ಕೆ ಶುರುವಾಗಿ ಬುಧವಾರ ಸಂಜೆ 4ಕ್ಕೆ ಮುಗಿಯುತ್ತದೆ. ಬಿಡ್ ಹಾಕುವಾಗ ನಿಮ್ಮ ಬ್ಯಾಂಕ್ ಖಾತೆಯಲ್ಲಿ 10,000 ಡಾಲರನ್ನು ಠೇವಣಿಯಾಗಿ ತಡೆಹಿಡಿಯುತ್ತಾರೆ. ನೀವು ಕೊಡುವುದು ಗರಿಷ್ಠ ಮಿತಿಯನ್ನು. ಅದನ್ನು ಏರಿಸಬಹುದು, ಇಳಿಸಲಾಗದು, ಹಿಂದಕ್ಕೆ ಪಡೆಯಲಂತೂ ಆಗದು.

ಗೆದ್ದವರೆಲ್ಲರೂ ಒಂದೇ ಬೆಲೆ ಕೊಡುತ್ತಾರೆ: ಸೋತವರಲ್ಲಿ ಅತಿ ಹೆಚ್ಚು ಕೂಗಿದವನ ಮೊತ್ತಕ್ಕಿಂತ 1 ಡಾಲರ್ ಹೆಚ್ಚು. ನಾಲ್ಕು ಸಿಒಇ ಇದ್ದು, ಬಿಡ್‌ಗಳು 1,10,000, 1,04,000, 1,01,000, 99,000, 97,500 ಬಂದರೆ ಮೊದಲ ನಾಲ್ವರೂ ಕೊಡುವುದು 97,501. ಇಲ್ಲಿಯೇ ಹಲವರು ಎಡವುವುದು. ‘ಹೇಗೂ ಕಡಿಮೆ ಕೊಡುತ್ತೇನಲ್ಲ’ ಎಂದು ಮಿತಿಯನ್ನು ಮನಸ್ಸಿಗೆ ಬಂದಷ್ಟು ಏರಿಸುತ್ತಾರೆ. ಎಲ್ಲರೂ ಹಾಗೆಯೇ ಮಾಡಿದ ವಾರ ಆ ಮೊತ್ತವೇ ಕುತ್ತಿಗೆಗೆ ಬರುತ್ತದೆ. ನಿಜವಾಗಿ ಕೊಡಬಲ್ಲಷ್ಟನ್ನೇ ಬರೆಯಿರಿ. ಗುಂಡಗಿನ ಸಂಖ್ಯೆಯೂ ಬೇಡ. ಕೊನೆಯ ಜಾಗಕ್ಕೆ ಒಂದೇ ಮೊತ್ತದ ಹಲವು ಬಿಡ್‌ಗಳು ಪೈಪೋಟಿಗೆ ಬಿದ್ದರೆ ಬೆಲೆ ಒಂದು ಡಾಲರ್ ಜಿಗಿದು ಅವೆಲ್ಲವೂ ಒಟ್ಟಿಗೆ ಉದುರಿಹೋಗುತ್ತವೆ. 1,00,000ಕ್ಕಿಂತ 1,00,011 ಮೇಲು.

ಹೆಚ್ಚಿನವರು ಡೀಲರ್ ಮೂಲಕವೇ ಬಿಡ್ ಹಾಕಿಸುತ್ತಾರೆ. ಆಗ ಒಪ್ಪಂದದಲ್ಲಿ ಮೂರು ಸಂಗತಿ ಓದಿ. ಸಿಒಇ ಖಾತರಿಯೋ, ಅಥವಾ ಇಷ್ಟು ಸಲ ಪ್ರಯತ್ನಿಸುತ್ತೇವೆ ಎಂಬ ಮಾತೋ? ಸಿಗದಿದ್ದರೆ ಮುಂಗಡ ಪೂರ್ತಿ ವಾಪಸಾಗುತ್ತದೆಯೇ? ಬೆಲೆಯಲ್ಲಿ ಸಿಒಇ ಎಷ್ಟೆಂದು ಹಿಡಿದಿದ್ದಾರೆ, ಅದಕ್ಕಿಂತ ಕಡಿಮೆಗೆ ಸಿಕ್ಕರೆ ವ್ಯತ್ಯಾಸ ನಿಮಗೋ ಅವರಿಗೋ? ಬಾಯಿಮಾತಿಗೆ ಒಪ್ಪಬೇಡಿ, ಕಾಗದದಲ್ಲಿ ಬರೆಸಿಕೊಳ್ಳಿ. ಎ, ಬಿ ವರ್ಗದಲ್ಲಿ ಗೆದ್ದರೆ ಆರು ತಿಂಗಳೊಳಗೆ ಕಾರು ನೋಂದಾಯಿಸಬೇಕು, ತಪ್ಪಿದರೆ ಠೇವಣಿ ಮುಟ್ಟುಗೋಲು. ಈ ಸಿಒಇಯನ್ನು ಬೇರೆಯವರಿಗೆ ಕೊಡಲೂ ಆಗದು.

ಕಾರು ಬಂದ ಮೇಲೆ ಇಆರ್‌ಪಿ, ಅಂದರೆ ದಟ್ಟಣೆ ಶುಲ್ಕ. 1998ರಿಂದ ಇದೆ. ದರ ಅರ್ಧ ಗಂಟೆಗೊಮ್ಮೆ ಬದಲಾಗಬಹುದು. ಹತ್ತು ನಿಮಿಷ ಮೊದಲೋ ನಂತರವೋ ಹೊರಟರೆ ದುಡ್ಡು ಉಳಿಯುವುದುಂಟು. ಎಕ್ಸ್‌ಪ್ರೆಸ್‌ವೇಯಲ್ಲಿ ಗಂಟೆಗೆ 45–65 ಕಿಮೀ, ಮುಖ್ಯ ರಸ್ತೆಗಳಲ್ಲಿ 20–30 ಕಿಮೀ ವೇಗ ಉಳಿಯುವಂತೆ ದರ ಪರಿಷ್ಕರಿಸುತ್ತಾರೆ. ಹಾಗಾಗಿ ಕಳೆದ ತಿಂಗಳ ದರವನ್ನೇ ನೆಚ್ಚಿಕೊಳ್ಳಬೇಡಿ.

ಹತ್ತನೇ ವರ್ಷ ಬಂದಾಗ ಕಾರು ಬಿಡಬೇಕು, ಇಲ್ಲವೇ ಸಿಒಇ ನವೀಕರಿಸಬೇಕು. ನವೀಕರಣಕ್ಕೆ ಹರಾಜಿಲ್ಲ. ಕಳೆದ ಮೂರು ತಿಂಗಳ ಸರಾಸರಿ ದರ ಕಟ್ಟಬೇಕು. ಮಾರುಕಟ್ಟೆ ಇಳಿಯುತ್ತಿದ್ದರೆ ಈ ಸರಾಸರಿ ನಿಧಾನವಾಗಿ ಇಳಿಯುವುದರಿಂದ ಗಡುವಿನೊಳಗೆ ತುಸು ಕಾಯುವುದು ಲಾಭ. ಏರುತ್ತಿದ್ದರೆ ಬೇಗ ಮುಗಿಸಿಬಿಡಿ. ಐದು ವರ್ಷಕ್ಕೆ ನವೀಕರಿಸಿದರೆ ಅದೇ ಕೊನೆ, ಮತ್ತೆ ಅವಕಾಶವಿಲ್ಲ. ಹತ್ತು ವರ್ಷದೊಳಗೆ ಕಾರು ಬಿಟ್ಟವರಿಗೆ ಎಆರ್‌ಎಫ್‌ನಲ್ಲಿ ಒಂದು ಪಾಲು ವಾಪಸು ಸಿಗುತ್ತದೆ. ಎಷ್ಟು ವರ್ಷಕ್ಕೆ ನವೀಕರಿಸಿದರೂ ಅದು ಕೈತಪ್ಪುತ್ತದೆ. ನವೀಕರಣದ ಮೊತ್ತಕ್ಕೆ ಇದನ್ನೂ ಕೂಡಿಸಿಯೇ ಹೊಸ ಕಾರಿನ ಬೆಲೆಯ ಜೊತೆ ಹೋಲಿಸಿ.